ಹದಿನೆಂಟು ಕೆಂಪು ಸಿಂಬೆ

ಆಗ ನನಗೆ ಇಪ್ಪತ್ತಮೂರು. ಈಗ ಎಂಬತ್ತೊಂದು. ಐವತ್ತೆಂಟು ವರ್ಷದ ಹಿಂದಿನ ಮಾತು, ನಾವು ಎರಡನೇ ಸಲ ಓಟು ಹಾಕಿದ್ದರ ಮಾರನೇ ವರ್ಷದ್ದು. ಆ ಬೇಸಿಗೆಯಲ್ಲಿ ನನ್ನ ಓರಗಿತ್ತಿಯನ್ನು ಪೊಲೀಸರು ಹಿಡಿದು ಕೂಡಿಹಾಕಿದರು. ಅವಳನ್ನು ಬಿಡಿಸಿಕೊಂಡು ಬಂದವಳು ನಾನು. ಊರಲ್ಲಿ ಅವಳು ತಲೆ ಎತ್ತದ ಹಾಗೆ ಮಾಡಿದವಳೂ ನಾನೇ.

ನನ್ನ ತೌರು ಶಿಕಾರಿಪುರದ ಕಡೆ, ಬಳ್ಳಿಗಾವಿಯಿಂದ ಮೂರು ಮೈಲಿ. ಕೊಟ್ಟಿದ್ದು ಸೊರಬದ ಕಡೆ, ಜಡೆ ಊರಿಗೆ ಬಸ್ಸು ಹೋಗುವ ದಾರಿಯ ಒಂದು ಹಳ್ಳಿಗೆ. ನನ್ನ ಅಪ್ಪ ಬಿಳಿ ಟೋಪಿಯವನು. ಸ್ವಾತಂತ್ರ್ಯದ ಗಲಾಟೆಯಲ್ಲಿ ಈಚಲು ಮರ ಕಡಿದು, ತಾಲೂಕು ಕಚೇರಿ ಬಾಗಿಲಿಗೆ ಅಡ್ಡ ಮಲಗಿ, ಒಂಬತ್ತು ತಿಂಗಳು ಜೈಲಿನಲ್ಲಿದ್ದು ಬಂದವನು. ಹೋಗುವಾಗ ಊರವರು ಹುಚ್ಚ ಅಂದರು. ರಾಜ್ಯ ಬಿಳಿ ಟೋಪಿಯವರದ್ದೇ ಆದಮೇಲೆ ಅದೇ ಊರವರು ಹಾರ ಹಾಕಿದರು. ಹಾರ ಬಾಡಿತು, ಮನೆಯಲ್ಲಿ ಜೋಳದ ಮಡಕೆ ಖಾಲಿ ಇತ್ತು, ಮದುವೆಗೆ ಮೂರು ಹೆಣ್ಣು ಇದ್ದೆವು. ಏನೂ ಕೇಳದೆ ಕರಕೊಂಡು ಹೋದವರು ಗೇಣಿಯವರು, ಅಂದರೆ ಬೇರೆಯವರ ಗದ್ದೆ ಉತ್ತು ಫಸಲಿನಲ್ಲಿ ಪಾಲು ಅಳೆದು ಕೊಡುವವರು. ಹಾಗಾಗಿ ಆ ಮನೆ ಸೇರಿದೆ. ಮೂರನೇ ಕ್ಲಾಸಿನ ತನಕ ಹೋಗಿದ್ದೆ. ಆ ಮನೆಯಲ್ಲಿ ಸಹಿ ಹಾಕುವವಳು ನಾನೊಬ್ಬಳೇ. ಉಳಿದವರದ್ದೆಲ್ಲ ಹೆಬ್ಬೆಟ್ಟು.

ಓರಗಿತ್ತಿ ನನಗಿಂತ ಮೂರು ವರ್ಷ ದೊಡ್ಡವಳು. ಅಕ್ಕ ಅಂತಿದ್ದೆ. ಮೊದಲ ವರ್ಷವೆಲ್ಲ ನನ್ನ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಗೋಳು. “ಹೋಗ್ಯಾರ, ಬಂದಾರ, ಅಂದಾರ. ಇದೆಂತ ಮಾರಾಯ್ತಿ, ನಿಂಗೆ ರೊಟ್ಟಿ ಜೊತೆ ಮಾತನ್ನೂ ತಟ್ಟಿ ಬೇಯಿಸಿಕೊಟ್ರಾ?” ಅಂತಿದ್ದಳು. ನಾನೂ ಬಿಡುತ್ತಿರಲಿಲ್ಲ. “ನಿಮ್ಮದು ಗಂಜಿ, ನೆಲದ ಮೇಲೆ ಚೆಲ್ಲಿ ಹರೀತಾ ಇರ್ತದೆ” ಅಂತಿದ್ದೆ. ಕೆಲಸದಲ್ಲಿ ಅವಳಿಗೆ ನಾನು ಸಮ ಅಲ್ಲ. ಮಾತಿನಲ್ಲಿ ಸಮ ಇದ್ದೆ.

ಪಕ್ಕದ ತಾಲೂಕಿನಲ್ಲಿ ಕೆಂಪು ಟೋಪಿಯವರು ಗೇಣಿಯವರನ್ನು ಕೂಡಿಸಿಕೊಂಡು ಒಡೆಯರ ಗದ್ದೆಯಲ್ಲಿ ಕೂತರು, ಕಣದಲ್ಲಿ ಕೂತರು ಅಂತ ಸುದ್ದಿ ಬರುತ್ತಿತ್ತು. ನಾನು ಗೇಣಿಯವರ ಸೊಸೆಯಾಗಿದ್ದರೂ ಅಪ್ಪನ ಮಗಳ ಹಾಗೇ ಮಾತಾಡುತ್ತಿದ್ದೆ. “ದುಡಿಯೋಕೆ ಮೈ ಬಗ್ಗದವರು, ಕೂರೋಕೆ ಒಂದು ನೆವ” ಅಂತ ಬೈದಿದ್ದೆ.

“ನಿನ್ನಪ್ಪ ಕಚೇರಿ ಮುಂದೆ ಮಲಗಿದ್ನಂತಲ್ಲ, ಅವನಿಗೂ ಕೆಲಸ ಇರಲಿಲ್ವಾ?” ಅಂದಳು ಅಕ್ಕ.

“ಅದು ದೇಶಕ್ಕೆ.”

“ಇವರದ್ದು ಹೊಟ್ಟೆಗೆ. ದೇಶಕ್ಕೆ ಹೊಟ್ಟೆ ಇಲ್ವಾ?”

ಹೀಗಂದಳು ಅಂತ ಅವಳು ಕೆಂಪು ಟೋಪಿಯವಳಲ್ಲ. ಅವಳು ಯಾವ ಟೋಪಿಗೂ ಸೇರಿದವಳಲ್ಲ. ಓಟನ್ನು ಗಂಡ ಹೇಳಿದ ಕಡೆ ಹಾಕಿದ್ದಳು. ಗಂಡ ನಮ್ಮ ಗದ್ದೆಯ ಒಡೆಯರು ಹೇಳಿದ ಕಡೆ ಹಾಕಿದ್ದ. ಒಡೆಯರು ಬಿಳಿ ಟೋಪಿ.

ನಮ್ಮೂರ ಹಿಂದೆ ಕಾನು ಇತ್ತು. ಕಾನು ಅಂದರೆ ಬಿಸಿಲು ಬೀಳದ ಹಳೇ ಕಾಡು. ಬೇಸಿಗೆ ಮುಗಿಯುವ ಮೊದಲು ಹೆಂಗಸರು ಅದರ ಅಂಚಿನಲ್ಲಿ ಸೊಪ್ಪು ಕಡಿದು ಹೊರೆ ಕಟ್ಟಿ ತರಬೇಕು. ಕೊಟ್ಟಿಗೆಗೆ ಹಾಸಬೇಕು, ಗದ್ದೆ ಕೆಸರಿಗೆ ತುಳಿಯಬೇಕು. ಸೊಪ್ಪಿಲ್ಲದ ಗದ್ದೆಯಲ್ಲಿ ಭತ್ತ ಗೇಣುದ್ದ ಬಂದು ನಿಂತುಬಿಡುತ್ತದೆ. ಆ ವರ್ಷ ಹೊಸ ಹುಕುಂ ಬಂತು: ಪಾಸಿಲ್ಲದೆ ಕಾನಿಗೆ ಕಾಲಿಡಬಾರದು. ಪಾಸು ಕೊಡುವುದು ಜಮೀನಿನ ಖಾತೆ ಇದ್ದವರಿಗೆ. ನಮಗೆ ಖಾತೆ ಇಲ್ಲ, ಒಡೆಯರಿಗಿದೆ. ಒಡೆಯರು ಕಾನಿಗೆ ಹೋಗುವುದಿಲ್ಲ, ನಾವು ಹೋಗುವವರು. ಗಾರ್ಡು ಎರಡು ಸಲ ಹೆಂಗಸರ ಕತ್ತಿ ಕಿತ್ತುಕೊಂಡ.

ಮೂರನೇ ಸಲ ಕಿತ್ತುಕೊಂಡಿದ್ದು ಅಕ್ಕನ ಕತ್ತಿ. ಮಾರನೇ ದಿನವೇ ಅವಳು ಮನೆಮನೆಗೆ ಹೋಗಿ ಮಾತಾಡಿದಳು. “ಬೇಲಿ ಸೊಪ್ಪು, ದಾರಿ ಸೊಪ್ಪು, ಏನು ಸಿಗುತ್ತೋ ಅದನ್ನೇ ಹೊರೆ ಕಟ್ಟಿ. ಸೊರಬಕ್ಕೆ ಹೊತ್ತುಕೊಂಡು ಹೋಗುವ. ಜಂಗಲ್ ಕಚೇರಿ ಬಾಗಿಲಲ್ಲಿ ಇಳಿಸಿ ಕೂರುವ. ನಾವು ಒಯ್ಯೋದು ಇಷ್ಟೇ, ನೋಡಿ ಸ್ವಾಮೀ ಅನ್ನುವ.” ಒಂಬತ್ತು ತಿಂಗಳ ಗಂಡುಮಗು ಅವಳ ಸೊಂಟದಲ್ಲಿತ್ತು.

ಊರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಆಮೇಲೆ ಎಲ್ಲರೂ ಮರೆತರು. ಒಡೆಯರೇ ಜಗಲಿಯ ಮೇಲೆ ಕೂತು, “ಹೋಗ್ರೇ, ಹೋಗಿ. ಗಂಡಸರು ಹೋದ್ರೆ ಲಾಠಿ ಎತ್ತುತ್ತಾರೆ, ನೀವು ಹೋದ್ರೆ ತಲೆ ತಗ್ಗಿಸ್ತಾರೆ. ನ್ಯಾಯವಾಗಿ ಕೇಳೋದಕ್ಕೆ ಯಾರ ಅಪ್ಪಣೆ?” ಅಂದರು. ಸೊಪ್ಪು ಬೀಳಬೇಕಾದ್ದು ಅವರ ಗದ್ದೆಗೇ ತಾನೇ. ಹೊರಡುವ ದಿನ ಅವರ ಮನೆಯಿಂದ ಒಂದು ಹಂಡೆ ಮಜ್ಜಿಗೆ ಬಂತು.

ಹೊರೆಗೆ ಸಿಂಬೆ ಬೇಕು. ಬಟ್ಟೆಯನ್ನು ಹುರಿ ಮಾಡಿ ಬಳೆಯ ಹಾಗೆ ಸುತ್ತಿ ತಲೆ ಮೇಲೆ ಇಟ್ಟು, ಅದರ ಮೇಲೆ ಹೊರೆ ಹೊರುವುದು. ದಿನಾ ಕಾನಿಗೆ ಹೋಗುವಾಗ ಹುಲ್ಲಿನ ಸಿಂಬೆ ಸಾಕು. ಸೊರಬಕ್ಕೆ ಎಂಟು ಮೈಲಿ, ಹುಲ್ಲು ನೆತ್ತಿ ತಿನ್ನುತ್ತದೆ. ಯಾರ ಮನೆಯಲ್ಲೂ ಹೆಚ್ಚಿನ ಹರಕಲು ಇರಲಿಲ್ಲ. ಹರಕಲನ್ನೇ ಉಡುತ್ತಿದ್ದೆವಲ್ಲ. ನನ್ನ ಟ್ರಂಕಿನಲ್ಲಿ ಒಂದು ಸೀರೆ ಇತ್ತು. ಅಪ್ಪ ಕೊಟ್ಟ ಖಾದಿ ಸೀರೆ, ಕೆಂಪು ಬಣ್ಣದ್ದು. ಗೋಣಿ ಹಾಗೆ ದಪ್ಪ. ಉಟ್ಟರೆ ಬೆವರಿ ಸಾಯಬೇಕು, ಒಂದು ಸಲ ಉಟ್ಟು ಮಡಚಿ ಇಟ್ಟಿದ್ದೆ. ಸಿಂಬೆಗೆ ಅದಕ್ಕಿಂತ ಒಳ್ಳೇ ಬಟ್ಟೆ ಇಲ್ಲ ಅಂತ ನಾನೇ ತೆಗೆದು, ನಾನೇ ಹರಿದೆ. ಹದಿನೆಂಟು ಹೆಂಗಸರು, ಹದಿನೆಂಟು ತುಂಡು.

ಕೆಂಪು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಕುಂಕುಮ ಕೆಂಪು, ಧಾರೆ ಸೀರೆ ಕೆಂಪು. ಟೋಪಿ ಗಂಡಸರ ತಲೆಯದ್ದು, ಸಿಂಬೆ ಹೆಂಗಸರ ತಲೆಯದ್ದು. ಎರಡನ್ನೂ ಸೇರಿಸಿ ಯೋಚನೆ ಮಾಡುವ ಬುದ್ಧಿ ನಮಗಿರಲಿಲ್ಲ.

ನಾನು ಹೋಗಲಿಲ್ಲ. ಮಗು ನೋಡಿಕೊಳ್ಳಬೇಕು ಅಂತ ಹೇಳಿದೆ. ನಿಜ ಬೇರೆ. ಅಪ್ಪನ ಕಡೆಯವರು ಯಾರಾದರೂ ಪೇಟೆಯಲ್ಲಿ ನನ್ನನ್ನು ನೋಡಿದರೆ ಅಪ್ಪನ ಮರ್ಯಾದೆಗೆ ಕುಂದು ಅಂತ ಹೆದರಿದೆ.

ಅಲ್ಲಿ ಆದದ್ದನ್ನು ಹೋದವರ ಬಾಯಲ್ಲಿ ಕೇಳಿದ್ದು. ಕಚೇರಿ ಬಾಗಿಲಲ್ಲಿ ಹೊರೆಗಳನ್ನು ಇಳಿಸಿ ಸಾಲಾಗಿ ಕೂತರು. ನಮ್ಮ ಹೆಂಗಸರು ಹೊರೆ ಇಳಿಸಿದ ಮೇಲೆ ಸಿಂಬೆ ತೆಗೆಯುವುದಿಲ್ಲ. ಕೈಯಲ್ಲಿ ಹಿಡಿದರೆ ಕೈ ಕಟ್ಟುತ್ತದೆ, ನೆಲಕ್ಕಿಟ್ಟರೆ ಮರೆಯುತ್ತದೆ, ವಾಪಸು ಹೋಗುವಾಗ ಬೇಕಲ್ಲ ಅಂತ ತಲೆ ಮೇಲೇ ಇಟ್ಟುಕೊಂಡಿರುತ್ತಾರೆ. ದೂರದಿಂದ ನೋಡಿದವರಿಗೆ ಕಂಡಿದ್ದು ಹದಿನೆಂಟು ಕೆಂಪು ತಲೆ. ಸಂತೆಯ ದಿನ, ಪೇಟೆ ತುಂಬಿತ್ತು. ಕೆಂಪು ಟೋಪಿಯ ಒಬ್ಬ ಸೈಕಲ್ಲಿನಲ್ಲಿ ಬರುತ್ತಿದ್ದವನು ಇವರನ್ನು ನೋಡಿ, ಸೈಕಲ್ಲನ್ನು ಬೇಲಿಗೆ ಒರಗಿಸಿ, ಮುಂದೆ ಬಂದು ನಿಂತು ಘೋಷಣೆ ಕೂಗೋಕೆ ಶುರು ಮಾಡಿದ. ಯಾರೂ ಕರೆದಿರಲಿಲ್ಲ. “ಇವನ್ಯಾರು, ನಮ್ಮ ಮುಂದೆ ಯಾಕೆ ಕಿರುಚ್ತಾನೆ?” ಅಂತ ಇವರೇ ಮಾತಾಡಿಕೊಂಡರಂತೆ. ಒಬ್ಬ ಗಾರ್ಡು ಹೊರೆಗಳ ಮೇಲೆ ಹತ್ತಿ ಆಚೆ ದಾಟಲು ಹೋಗಿ, ಸೊಪ್ಪು ಜಾರಿ, ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡ. ಎದುರಿಗೆ ಕೂತಿದ್ದವಳು ಅಕ್ಕ. ಅವಳೇ ತಳ್ಳಿದಳು ಅಂತಾಯಿತು. ಉಳಿದವರನ್ನು ಓಡಿಸಿ ಅವಳೊಬ್ಬಳನ್ನು ಒಳಗೆ ಹಾಕಿದರು.

ಸುದ್ದಿ ಮೂರು ಗಂಟೆಯ ಬಸ್ಸಿನಲ್ಲಿ ನಮ್ಮೂರಿಗೆ ಬಂತು. ನಡೆದು ಬರುತ್ತಿದ್ದ ಹೆಂಗಸರಿಗಿಂತ ಮುಂಚೆ. “ಕೆಂಪು ಟೋಪಿಯವರು ನಿಮ್ಮೂರ ಹೆಂಗಸರಿಗೆ ಟೋಪಿ ಹಾಕಿಸಿ ಮೆರವಣಿಗೆ ಮಾಡಿಸಿದರು, ಗಾರ್ಡಿನ ಕೈ ಮುರಿದರು” ಅಂತ. ಹೆಂಗಸರು ಸಂಜೆ ಹೊತ್ತಿಗೆ ಊರು ಸೇರಿದಾಗ ಅವರ ತಲೆ ಮೇಲೆ ಸಿಂಬೆ ಇನ್ನೂ ಇತ್ತು. ಬೆಳಿಗ್ಗೆ ಮಜ್ಜಿಗೆ ಕುಡಿಸಿದ ಮನೆಯವರು ಬಾಗಿಲು ಹಾಕಿಕೊಂಡರು.

ಜಾಮೀನು ಬೇಕಿತ್ತು. ಖಾತೆ ಇರುವ ಒಬ್ಬ ಮರ್ಯಾದಸ್ಥ ಬಂದು, ಇವಳು ಓಡಿಹೋಗುವುದಿಲ್ಲ ಅಂತ ಬರೆದುಕೊಟ್ಟರೆ ಬಿಡುತ್ತಾರೆ. ಇಲ್ಲದಿದ್ದರೆ ಹದಿನೈದು ದಿನ ಒಳಗೇ. ನನ್ನ ಗಂಡ, ಭಾವ ಇಬ್ಬರೂ ಒಡೆಯರ ಅಂಗಳದಲ್ಲಿ ಹೋಗಿ ನಿಂತರು. ನಾನೂ ಮಗು ಎತ್ತಿಕೊಂಡು ಹಿಂದೆ ನಿಂತೆ.

“ಕೆಂಪು ಟೋಪಿ ಹಾಕ್ಕೊಂಡು ಹೋದವಳಿಗೆ ನಾನು ಜಾಮೀನಾ?” ಅಂದರು ಒಡೆಯರು.

“ಅದು ಸಿಂಬೆ ರೀ” ಅಂದೆ. ಗಂಡಸರ ನಡುವೆ ಬಾಯಿ ಹಾಕಿದ್ದಕ್ಕೆ ಭಾವ ನನ್ನ ಕಡೆ ತಿರುಗಿ ನೋಡಿದ.

“ಸಿಂಬೆಯಾದ್ರೆ ಸಿಂಬೆ. ನಾನು ಹೋಗಬೇಡಿ ಅಂತ ಮೊದಲೇ ಹೇಳಿದ್ದೆ.”

“ಹೋಗಿ ಅಂದಿದ್ರಿ. ಮಜ್ಜಿಗೆ ಕೊಟ್ಟಿದ್ರಿ.”

“ಬಾಯಾರಿದವರಿಗೆ ಮಜ್ಜಿಗೆ ಕೊಡೋದು ನಮ್ಮ ಮನೆ ಪದ್ಧತಿ. ಅದಕ್ಕೆಲ್ಲ ಅರ್ಥ ಹಚ್ಚಬೇಡ.”

ಅಷ್ಟರಲ್ಲಿ ಊರಿನ ಬಾಯೂ ತಿರುಗಿತ್ತು. ಕೂರುವುದು ನ್ಯಾಯ ಅಂದಿದ್ದವರೆಲ್ಲ, ಹೆಂಗಸರು ಪೇಟೆಯಲ್ಲಿ ಹೀಗೆ ಕೂರಬಾರದಿತ್ತು ಅಂದರು. ಕೂತದ್ದು ಅದೇ ಜಾಗ, ಕೇಳಿದ್ದು ಅದೇ ಸೊಪ್ಪು. ಮಗನನ್ನು ಜವಾನ ಮಾಡಿಸಬೇಕು ಅಂತಿದ್ದವನು ಒಬ್ಬ, ಬಾವಿಗೆ ಸರ್ಕಾರದ ಸಾಲ ಕೇಳಿದ್ದವನು ಇನ್ನೊಬ್ಬ. ಬಿಳಿ ಟೋಪಿಯವರ ಕಾಲಿಗೆ ಬೀಳದೆ ಯಾವುದೂ ಆಗುತ್ತಿರಲಿಲ್ಲ. ಏನೂ ಕೇಳಿಕೊಳ್ಳದವರೂ ಹಾಗೇ ಮಾತಾಡಿದರು. ಅದು ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಇವರೆಲ್ಲ ಬೇರೆ, ನಾನು ಬೇರೆ ಅಂತಲೂ ಹೇಳುವುದಿಲ್ಲ. ಬೇರೆ ಊರಿನ ಹೆಂಗಸರು ಹೋಗಿದ್ದರೆ, ಕೆಂಪು ತಲೆ ಅಂತ ಕೇಳಿದ್ದರೆ, ನಾನೂ ಅದನ್ನೇ ಅನ್ನುತ್ತಿದ್ದೆ.

ಎರಡನೇ ದಿನ ಸೈಕಲ್ಲಿನ ಕೆಂಪು ಟೋಪಿಯವನು ಮನೆ ಹುಡುಕಿಕೊಂಡು ಬಂದ. ಮುಖ ಮದುವೆ ಮನೆಗೆ ಬಂದವನ ಹಾಗಿತ್ತು.

“ತಂಗಿ, ನಿಮ್ಮ ಓರಗಿತ್ತಿ ವೀರ ಹೆಂಗಸು. ಅವಳನ್ನು ಬಿಡಿಸೋಕೆ ಹೋಗಬೇಡಿ. ಹದಿನೈದು ದಿನ ಒಳಗಿದ್ರೆ ಇಡೀ ತಾಲೂಕು ಎದ್ದು ನಿಲ್ತದೆ” ಅಂದ.

“ಇಲ್ಲಿ ಮಗು ಮಲಗಿದೆ, ನೋಡಿ. ಅದು ಏಳ್ತಾ ಇಲ್ಲ” ಅಂದೆ. ಮಗು ದನದ ಹಾಲು ಕುಡಿದು ಎರಡು ದಿನದಿಂದ ಭೇದಿ. ಕಣ್ಣು ಗುಳಿ ಬಿದ್ದಿತ್ತು. “ನೀವೇ ಜಾಮೀನು ನಿಲ್ತೀರಾ?”

“ನನ್ನ ಹೆಸರಲ್ಲಿ ಈ ಸೈಕಲ್ಲು ಬಿಟ್ರೆ ಏನೂ ಇಲ್ಲ ತಾಯಿ.”

“ಹಾಗಾದ್ರೆ ಅದನ್ನ ಹತ್ತಿ ಹೋಗಿ” ಅಂದೆ.

ನನ್ನ ಅಪ್ಪನ ಹೆಸರಲ್ಲಿ ಒಂದು ತುಂಡು ಹೊಲದ ಖಾತೆ ಇತ್ತು. ಮೂರನೇ ದಿನ ಮಗುವನ್ನು ಭಾವನ ಕೈಗೆ ಕೊಟ್ಟು ಸೊರಬಕ್ಕೆ ಬಂದು, ಶಿರಾಳಕೊಪ್ಪದ ಬಸ್ಸು ಹತ್ತಿ, ತೌರಿಗೆ ನಡೆದೆ. ಅಪ್ಪ ಮನೆಯಲ್ಲಿರಲಿಲ್ಲ, ಶಿಕಾರಿಪುರದಲ್ಲಿ ಮೀಟಿಂಗು ಅಂದಳು ಅವ್ವ. ಒಂದು ರೊಟ್ಟಿ ಕೈಯಲ್ಲಿ ಹಿಡಿದು ಮತ್ತೆ ಬಸ್ಸು. ಶಿಕಾರಿಪುರದಲ್ಲಿ ಒಂದು ಬಟ್ಟೆ ಅಂಗಡಿ ಅಟ್ಟದ ಮೇಲೆ ಅವರ ಕೋಣೆ. ಐದಾರು ಜನ ಬಿಳಿ ಟೋಪಿಯವರು ಗೋಡೆಗೆ ಒರಗಿ ಮಂಡಕ್ಕಿ ತಿನ್ನುತ್ತಿದ್ದರು.

“ಬಾರವ್ವ ಬಾ. ಮಲೆನಾಡು ಸೇರಿ ಬೆಳ್ಳಗಾಗೀಯಲ್ಲ!” ಅಂದ ಒಬ್ಬ.

“ಬಿಸಿಲಿಲ್ಲದ ಊರು, ಇನ್ನೇನಾಗ್ತಾಳ?” ಅಂದ ಇನ್ನೊಬ್ಬ. “ಅಲ್ಲವ್ವ, ನಿಮ್ಮ ಕಡೆ ಹೆಂಗಸರು ಟೋಪಿ ಹಾಕೋಕ್ಹತ್ಯಾರಂತ? ಗಂಡಸರು ಸೀರೆ ಉಟ್ಟಾರೇನು ಮತ್ತ?”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಲಾಕಪ್ಪಿನಲ್ಲಿದ್ದ ಹೆಂಗಸು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಹೊರಗೆ ಕರೆದು ಹೇಳಿದೆ. ಮೆಟ್ಟಿಲ ಮೇಲೆ ಕೂತು ಕೇಳಿದ. ಸಿಂಬೆಯ ವಿಷಯವನ್ನೂ ಹೇಳಿದೆ.

“ನೀನು ಕೊಟ್ಟ ಸೀರೆನೇ. ನಾನೇ ಹರಿದೆ.”

“ಖಾದಿ ಹರಿದ್ಯಾ?” ಅಂದ. ಮೊದಲು ಕೇಳಿದ್ದು ಅದು. ಅವಳು ಹೇಗಿದ್ದಾಳೆ ಅಂತ ಅಲ್ಲ, ಮಗು ಹೇಗಿದೆ ಅಂತಲೂ ಅಲ್ಲ.

“ಹರಿದೆ. ಈಗ ನೀನು ಒಳಗೆ ಹೋಗಿ ಹೇಳು. ಅದು ಕೆಂಪು ಟೋಪಿ ಅಲ್ಲ, ನಮ್ಮ ಖಾದಿ ಅಂತ ಹೇಳು.”

“ನಾನು ನಂಬ್ತೀನವ್ವ. ಅವರು ನಂಬಂಗಿಲ್ಲ. ಮಗಳ ಓರಗಿತ್ತಿ ಅಂತ ಮಾತು ತಿರುಗಿಸ್ತಾನ ಅಂತಾರ. ಈಗ ನನ್ನನ್ನ ತಾಲೂಕಿನ ಕಮಿಟಿಗೆ ಹಾಕೋ ಮಾತು ನಡದೈತಿ.”

“ನೀನು ಕಚೇರಿ ಬಾಗಿಲಿಗೆ ಅಡ್ಡ ಮಲಗಿದ್ದೆ. ಅದು ಸತ್ಯಾಗ್ರಹ. ಅವಳು ಕೂತರೆ ಪುಂಡಾಟನಾ?”

“ಆವಾಗಿನ ಸರಕಾರ ಪರರದ್ದು. ಇದು ನಮ್ದು. ನಮ್ಮ ಮನಿ ಬಾಗಿಲಿಗೆ ನಾವ ಅಡ್ಡ ಮಲಗತೀವೇನು?”

“ಗದ್ದೆಗೆ ಬೇಕಾಗಿದ್ದು ಸೊಪ್ಪು. ಸರ್ಕಾರ ಯಾರದ್ದು ಅಂತ ಗದ್ದೆ ಕೇಳಲ್ಲ.”

ಅವನಿಗೆ ಸಿಟ್ಟು ಬಂತು. ಬಯ್ಯಲಿಲ್ಲ. ಒಳಗೆ ಹೋಗಿ ಅವರ ಜೊತೆ ಏನೋ ಮಾತಾಡಿ, ಅರ್ಧ ಗಂಟೆ ಬಿಟ್ಟು ಒಂದು ಕಾಗದ ಹಿಡಿದು ಬಂದ. ಓದಿ ಹೇಳಿದ. ನಾನೂ ಕೂಡಿಸಿಕೊಂಡು ಕೂಡಿಸಿಕೊಂಡು ಓದಿದೆ. ನಾನು ತಿಳಿಯದ ಹೆಂಗಸು, ಕೆಂಪು ಟೋಪಿಯವರು ಆಸೆ ಹಚ್ಚಿ ನನ್ನನ್ನು ಕರೆದುಕೊಂಡು ಹೋದರು, ಟೋಪಿ ಹಾಕಿಸಿದರು, ತಪ್ಪಾಯಿತು, ಇನ್ನು ಹೋಗುವುದಿಲ್ಲ, ಹುಕುಂ ಸರಿಯಾಗಿದೆ.

“ಇದರ ಮೇಲೆ ಆಕೀ ಹೆಬ್ಬೆಟ್ಟು ಹಾಕಿಸು. ನಾಳೆ ನಾನು ಬಂದು ಜಾಮೀನು ನಿಲ್ತೀನಿ. ಇದು ಇದ್ರ ನನಗೂ ಮುಖ ಇರ್ತೈತಿ.”

“ಯಾರಿಗೂ ತೋರಿಸಬಾರದು.”

“ನನ್ನ ಕಿಸೆದಾಗ ಇರ್ತೈತಿ” ಅಂದ.

ಮಾರನೇ ದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಸೊರಬದ ಲಾಕಪ್ಪಿಗೆ ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಕುಪ್ಪಸ ಒದ್ದೆಯಾಗಿ ಒಣಗಿ ರಟ್ಟಿನ ಹಾಗೆ ನಿಂತಿತ್ತು, ಜ್ವರ ಇತ್ತು. ಮಗುವಿಗೆ ಕಂಬಿ ಸಂದಿಯಿಂದಲೇ ಮೊಲೆ ಕೊಟ್ಟಳು. ಅದಕ್ಕೆ ಎಳೆಯುವ ಶಕ್ತಿ ಇರಲಿಲ್ಲ. ಎರಡು ಸಲ ಎಳೆದು ಸುಮ್ಮನಾಯಿತು.

ಕಾಗದ ಓದಿ ಹೇಳಿದೆ.

“ಯಾರು ಆಸೆ ಹಚ್ಚಿದರು ನನಗೆ?” ಅಂದಳು.

“ಯಾರೂ ಇಲ್ಲ. ಬರೀ ಕಾಗದ ಅಕ್ಕ. ಒತ್ತಿಬಿಡು.”

“ನಾನು ಹದಿನೇಳು ಮನೆಗೆ ಹೋಗಿ ಕರೆದವಳು. ಯಾರೋ ನನ್ನನ್ನ ಕರಕೊಂಡು ಹೋದ್ರು ಅಂದ್ರೆ, ನನ್ನ ಜೊತೆ ಬಂದವರು ಏನಾದರು? ದನಗಳಾ?”

“ಮಗು ನೋಡು.”

“ನೋಡ್ತಾ ಇದೀನಿ. ನನಗೆ ಕಣ್ಣಿಲ್ವಾ?” ಅಂದಳು. ಮಗುವಿನ ತಲೆ ಮೇಲೆ ಕೈ ಇಟ್ಟಳು. “ಇವನನ್ನ ದಿನಾ ಎರಡು ಸಲ ತಗೊಂಡು ಬಾ. ಹಾಲು ಇದೆ. ಹೆಬ್ಬೆಟ್ಟು ಇಲ್ಲ.”

ದಿನಾ ಎರಡು ಸಲ ಎಂಟು ಮೈಲಿ ಬರುವುದು ಆಗದ ಮಾತು. ಅವಳಿಗೂ ಅದು ಗೊತ್ತಿತ್ತು. ಆದರೂ ಹೇಳಿದಳು. ನಾನು ಹೊರಗೆ ಬಂದೆ. ಪೊಲೀಸನಿಗೆ, “ಹಾಕ್ತಾಳಂತೆ, ಮಸಿ ಕೊಡಿ” ಅಂದೆ. ಅವನು ಬೀಡಿ ಹಚ್ಚುತ್ತಾ ಮಸಿಯ ಡಬ್ಬಿ ತಳ್ಳಿದ. ಜಗಲಿ ಕಂಬದ ಮರೆಗೆ ಹೋಗಿ ನನ್ನ ಹೆಬ್ಬೆಟ್ಟು ಒತ್ತಿದೆ. ಸಹಿ ಹಾಕುವವಳು ನಾನು, ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು, ಅದೇ ಕೊನೆ. ಕಾಗದದ ಮೇಲೆ ಯಾರ ಹೆಬ್ಬೆಟ್ಟಾದರೂ ಒಂದೇ ಥರ ಕಾಣುತ್ತದೆ. ಬೆರಳನ್ನು ಸೆರಗಿನ ಒಳಬದಿಗೆ ಒರೆಸಿಕೊಂಡೆ. ಹತ್ತು ಗಂಟೆಯ ಬಸ್ಸಿಗೆ ಬಂದ ಅಪ್ಪ ಕಾಗದ ನೋಡಿ, ಮಡಚಿ, ಕಿಸೆಗೆ ಹಾಕಿಕೊಂಡು ಒಳಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಅಕ್ಕ ಹೊರಗೆ ಬಂದಳು.

ಬಸ್ಸಿನಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ಕೇಳಿದಳು: “ಕಾಗದ ಇಲ್ಲದೇ ಬಿಟ್ರಾ?”

“ಅಪ್ಪ ಬಂದಿದ್ದ. ಅವನ ಮುಖಕ್ಕೆ ಬಿಟ್ರು” ಅಂದೆ.

“ನಿನ್ನಪ್ಪ ದೊಡ್ಡವನು ಕಣೇ” ಅಂದಳು. ನಾನು ಕಿಟಕಿ ಕಡೆ ತಿರುಗಿಕೊಂಡೆ.

ಮಗು ಮೂರು ದಿನದಲ್ಲಿ ಚೇತರಿಸಿಕೊಂಡಿತು. ಹೆಂಗಸರು ಒಬ್ಬೊಬ್ಬರೇ ಹಿತ್ತಲ ಬಾಗಿಲಿಂದ ಬಂದು ಅಕ್ಕನನ್ನು ನೋಡಿ ಹೋದರು. ಮತ್ತೆ ಹೋಗುವ, ಈ ಸಲ ನಮ್ಮ ತಾಲೂಕಿನ ಉಳವಿ ಕಡೆಯವರನ್ನೂ ಕರೆಯುವ ಅಂತ ಮಾತು ಶುರುವಾಗಿತ್ತು. ನಾನು ಒಲೆ ಮುಂದೆ ಕೂತು ಕೇಳುತ್ತಿದ್ದೆ.

ಎಂಟನೇ ದಿನ ಬಿಳಿ ಟೋಪಿಯವರು ಜೀಪಿನಲ್ಲಿ ನಮ್ಮೂರಿಗೆ ಬಂದರು. ಶಾಲೆ ಜಗಲಿಯಲ್ಲಿ ಸಭೆ. ಒಡೆಯರು ಕುರ್ಚಿ ಹಾಕಿಸಿದರು, ಎಲ್ಲರೂ ಬರಬೇಕು ಅಂತ ಹೇಳಿ ಕಳಿಸಿದರು. ಅಪ್ಪ ಬಂದಿರಲಿಲ್ಲ. ಅವನ ಕಿಸೆಯ ಕಾಗದ ಬಂದಿತ್ತು. ಶಿಕಾರಿಪುರದ ಅಟ್ಟದಲ್ಲಿ ಟೋಪಿ ಸೀರೆ ಅಂತ ತಮಾಷೆ ಮಾಡಿದ್ದನಲ್ಲ, ಅವನೇ ಎದ್ದು ನಿಂತು ಓದಿದ. ಚೆನ್ನಾಗಿ ಓದಿದ, ಹರಿಕಥೆಯ ಹಾಗೆ. ತಿಳಿಯದ ಹೆಂಗಸು. ಆಸೆ ಹಚ್ಚಿ. ಟೋಪಿ ಹಾಕಿಸಿ. ತಪ್ಪಾಯಿತು. ಕೊನೆಗೆ ಕಾಗದ ತಿರುಗಿಸಿ ಹೆಬ್ಬೆಟ್ಟು ತೋರಿಸಿದ.

ಅಕ್ಕ ಹೆಂಗಸರ ನಡುವೆ ಕೂತಿದ್ದಳು. ಎದ್ದು ನಿಂತಳು. “ಅದು ನನ್ನ ಹೆಬ್ಬೆಟ್ಟಲ್ಲ” ಅಂದಳು.

“ಹಾಕೋವಾಗ ನಿಂದು, ಓದೋವಾಗ ಅಲ್ಲ. ಇದನ್ನೂ ಅವರೇ ಹೇಳಿಕೊಟ್ರೇನಮ್ಮ?” ಅಂದ ಅವನು. ಗಂಡಸರು ನಕ್ಕರು.

ಹಿಂದೆ ಬೇಲಿ ಹತ್ತಿರ ಸೈಕಲ್ಲು ಹಿಡಿದುಕೊಂಡು ನಿಂತಿದ್ದ ಕೆಂಪು ಟೋಪಿಯವನು, “ನಾಲ್ಕು ದಿನಕ್ಕೇ ಮಾರಿಕೊಂಡಳು” ಅಂತ ನೆಲಕ್ಕೆ ಉಗಿದು ಹೋದ. ಅವನು ಹೋಗುವುದನ್ನು ನೋಡಿ ಹೆಂಗಸರು ಅಕ್ಕನ ಕಡೆ ತಿರುಗಿದರು. ಅವಳ ಎರಡೂ ಪಕ್ಕದಲ್ಲಿ ಕೂತಿದ್ದವರು ಸ್ವಲ್ಪ ಸ್ವಲ್ಪವೇ ಜರುಗಿದರು. ಅವಳು ನನ್ನನ್ನು ನೋಡಿದಳು. ಕಾಗದ ತಂದವಳು ಯಾರು ಅಂತ ಅವಳಿಗೆ ಗೊತ್ತಿತ್ತಲ್ಲ. ನನ್ನ ಹೆಸರು ಹಿಡಿದು ಹೇಳಬಹುದಿತ್ತು. ಹೇಳಲಿಲ್ಲ.

ನಾನೂ ಹೇಳಲಿಲ್ಲ. ಹೇಳಿದರೆ ಜಾಮೀನು ಮುರಿದು ಅವಳನ್ನು ಮತ್ತೆ ಎಳೆದುಕೊಂಡು ಹೋಗುತ್ತಾರೆ, ಅಪ್ಪನ ಮೇಲೂ ಕೇಸು ಬೀಳುತ್ತದೆ ಅಂತ ಯೋಚನೆ ಮಾಡಿದೆ ಅಂತ ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ಯಾವ ಯೋಚನೆಯೂ ಇರಲಿಲ್ಲ.

ಮನೆಗೆ ಬಂದಮೇಲೆ ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಾನು ಕರು ಹಿಡಿದು ನಿಂತೆ.

“ನಿಂದಾ?” ಅಂದಳು, ತಲೆ ಎತ್ತದೆ.

“ಹೂಂ.”

“ಎಷ್ಟು ದಿನ ಇಡ್ತಿದ್ರು ನನ್ನನ್ನ?”

“ಹದಿನೈದು ಅಂದಿದ್ರು.”

“ಇರ್ತಿದ್ದೆ” ಅಂದಳು.

“ಮಗು ಇರ್ತಿರಲಿಲ್ಲ.”

ಅವಳು ಹಾಲು ಕರೆದು ಮುಗಿಸಿ ತಂಬಿಗೆ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಕೇಳಿದರೆ, ಆ ಮಗು ಈಗ ಅರವತ್ತರ ಹತ್ತಿರದ ಗಂಡಸು, ಮೊಮ್ಮಕ್ಕಳಿದ್ದಾರೆ. ಕಾನಿಗೆ ಬೇಲಿ ಬಿತ್ತು. ಸೊರಬಕ್ಕೆ ಮತ್ತೆ ಯಾರೂ ಹೋಗಲಿಲ್ಲ. ಮೂರನೇ ಓಟಿನ ಹೊತ್ತಿಗೆ ಅದೇ ಬಿಳಿ ಟೋಪಿಯವರು ಬೇರೆ ಯಾವುದಕ್ಕೋ ಸಿಟ್ಟಾಗಿ ರಸ್ತೆಗೆ ಅಡ್ಡ ಕೂತರು. ಒಡೆಯರು ಮುಂದಿನ ಸಾಲಿನಲ್ಲಿದ್ದರು. ಊರೆಲ್ಲ ಸತ್ಯಾಗ್ರಹ ಅಂತಲೇ ಕರೆಯಿತು. ಅಕ್ಕ ನೋಡೋಕೂ ಹೋಗಲಿಲ್ಲ.

ಸಭೆಯ ಮಾರನೇ ದಿನ ಅಕ್ಕ ನೀರಿಗೆ ಹೊರಡಲಿಲ್ಲ. ನಾನೊಬ್ಬಳೇ ಬಾವಿಗೆ ಹೋದೆ. ಸೊರಬಕ್ಕೆ ಹೋಗಿ ಬಂದವರಲ್ಲಿ ಏಳೆಂಟು ಜನ ಅಲ್ಲಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಕೊಡ ಕೆಳಗಿಟ್ಟು, “ಆ ಹೆಬ್ಬೆಟ್ಟು ನಂದು. ಅವಳು ಹಾಕಲ್ಲ ಅಂದಳು. ನಾನು ಹೊರಗೆ ಬಂದು ಒತ್ತಿದೆ” ಅಂದೆ.

ಹಗ್ಗ ಹಿಡಿದಿದ್ದವಳು ಎಳೆಯುವುದು ನಿಲ್ಲಿಸಿ, “ನೀನು ಸಹಿ ಹಾಕೋಳಲ್ವೇನೇ?” ಅಂದಳು.

“ಹೌದು. ಅವತ್ತು ಹೆಬ್ಬೆಟ್ಟು ಒತ್ತಿದೆ.”

“ಓರಗಿತ್ತಿ ಮಾನ ಮುಚ್ಚೋಕೆ ಬಂದಿದಾಳೆ” ಅಂದಳು ಇನ್ನೊಬ್ಬಳು.

“ಇಲ್ಲ ಬಿಡು, ಬಿಳಿ ಟೋಪಿ ಮಗಳು. ಅಪ್ಪನೇ ಹೇಳಿ ಕಳಿಸಿರ್ತಾನೆ, ನಮ್ಮನ್ನ ಮತ್ತೆ ಸೇರಿಸಿ ಒಳಗೆ ಹಾಕಿಸೋಕೆ” ಅಂದಳು ಮತ್ತೊಬ್ಬಳು.

ನಾನು ಎರಡನೇ ಸಲ ಹೇಳಿದೆ. ಮೂರನೇ ಸಲ ಹೇಳುವ ಹೊತ್ತಿಗೆ ಅವರು ಕೊಡ ಹೊತ್ತು ಹೊರಟಿದ್ದರು. ಬಾವಿಕಟ್ಟೆ ಖಾಲಿಯಾಯಿತು. ನನ್ನ ಎರಡು ಕೊಡ ಸೇದಿ ಮನೆಯಲ್ಲಿ ಇಟ್ಟು ಬಂದೆ. ಆಮೇಲೆ ಅಕ್ಕನ ಎರಡು ಕೊಡ ತಂದು ಸೇದಿದೆ.